ಹುಣ್ಣಾಗದೆ ಕಳೆದ ಒಂದು ವರ್ಷ

ಹೋದ ವರ್ಷದ ಆಷಾಢದಲ್ಲಿ ನನ್ನ ಬಾಲಮೂಳೆಯ ಮೇಲಿನ ಹುಣ್ಣು ಮಾಯಿತು. ಅಲ್ಲಿಂದ ಇಲ್ಲಿಯವರೆಗೆ ಮೈಮೇಲೆ ಒಂದು ತರಚು ಗಾಯವೂ ಆಗಿಲ್ಲ. ಗಾಲಿಕುರ್ಚಿಯಲ್ಲಿ ಬದುಕುವವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತು. ಇದಕ್ಕೆ ಕಾರಣರಾದವರ ಋಣ ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಶಿರಸಿ ಕಡೆಯ ಕೊನೆಗೌಡ, ಅಂದರೆ ಅಡಿಕೆ ಕೊನೆ ಇಳಿಸುವವನು. ಹದಿನೆಂಟು ಮಳೆಗಾಲ ಅಡಿಕೆ ಮರ ಹತ್ತಿದವನು. ನಾಲ್ಕು ವರ್ಷದ ಹಿಂದೆ ಕೊಳೆ ಔಷಧಿ ಹೊಡೆಯುವಾಗ ಮರ ಮುರಿದು ಬಿದ್ದೆ. ಓಡಿ ಬಂದವರು ರಟ್ಟೆ ಹಿಡಿದು ಕೂರಿಸಲು ಹೊರಟಾಗ "ಯಾರೂ ಎತ್ತಬೇಡಿ!" ಎಂದು ಕೂಗಿದವರು ತೋಟದ ಹೆಗಡೇರು. ಕೊಟ್ಟಿಗೆಯ ಬಾಗಿಲು ಕಳಚಿ ತರಿಸಿ, ನಾಲ್ಕು ಜನ ಒಟ್ಟಿಗೆ ದಿಮ್ಮಿ ಉರುಳಿಸಿದ ಹಾಗೆ ನನ್ನನ್ನು ಅದರ ಮೇಲೆ ಹೊರಳಿಸಿದರು. ಬೆನ್ನುಹುರಿ ಅಷ್ಟರಲ್ಲೇ ಜಜ್ಜಿಹೋಗಿತ್ತು ನಿಜ. ಇನ್ನಷ್ಟು ಕೆಡದಂತೆ ನೋಡಿಕೊಂಡಿರಿ, ಹೆಗಡೇರೆ. ಮೊದಲ ನಮಸ್ಕಾರ ನಿಮಗೆ.

ನನಗೆ ನನ್ನ ಮೈಯನ್ನು ಅರ್ಥ ಮಾಡಿಸಿದವರು ಫಿಸಿಯೋಥೆರಪಿ ಮೇಡಂ. ಬೆನ್ನುಹುರಿ ಕಿರುಬೆರಳಿನಷ್ಟೇ ದಪ್ಪ, ಸುಮಾರು 45 ಸೆಂ.ಮೀ. ಉದ್ದ, ಅದರಿಂದ 31 ಜೋಡಿ ನರ ಹೊರಡುತ್ತವೆ ಎಂದರು. ಮೇಲಿಂದ ಅಪ್ಪಣೆ ಇಳಿಯುವ ದಾರಿ ಬೇರೆ, ಕೆಳಗಿಂದ ಸುದ್ದಿ ಏರುವ ದಾರಿ ಬೇರೆ. ಸ್ಪರ್ಶ ಹತ್ತುವುದು ಹುರಿಯ ಹಿಂಭಾಗದಲ್ಲಿ. ನೋವು, ಬಿಸಿ ಮಾತ್ರ ಹುರಿಯನ್ನು ಹೊಕ್ಕ ಕೂಡಲೇ ಆಚೆ ಮಗ್ಗುಲಿಗೆ ದಾಟಿ ಹತ್ತುತ್ತವಂತೆ. ಪಕ್ಕದ ಮಂಚದ ಹುಡುಗನನ್ನು ನೋಡಿದ ಮೇಲೆ ಇದನ್ನು ನಂಬಿದೆ. ಅವನ ಹುರಿಗೆ ಒಂದೇ ಮಗ್ಗುಲಲ್ಲಿ ಪೆಟ್ಟು. ಎಡಗಾಲಿಗೆ ಬಲವಿಲ್ಲ, ಬಲಗಾಲಿಗೆ ಬಿಸಿನೀರು ಸುಟ್ಟರೂ ಗೊತ್ತಾಗದು.

ನನ್ನದು ಎರಡೂ ಕಡೆ ಪೂರ್ತಿ. ಮೇಡಂ ಎದೆಯಿಂದ ಪಿನ್ನು ಚುಚ್ಚುತ್ತಾ ಇಳಿದರು. "ಚುಚ್ತು, ಚುಚ್ತು" ಅನ್ನುತ್ತಿದ್ದವನು ಹೊಕ್ಕುಳು ದಾಟಿದ್ದೇ ಸುಮ್ಮನಾದೆ. ಅವರು ಚೀಟಿಯಲ್ಲಿ 'ಡಿ-10', ಅಂದರೆ ಎದೆಭಾಗದ ಹತ್ತನೇ ನರದ ಮಟ್ಟ, ಎಂದು ಬರೆದುಕೊಂಡರು.

ಕೆಲವು ವಾರಗಳ ಮೇಲೆ ಕಾಲು ತಾನಾಗಿ ಜಿಗಿಯತೊಡಗಿತು. ಅವ್ವ ಮಾರಿಕಾಂಬೆಗೆ ಉಡಿ ತುಂಬುವ ಹರಕೆ ಹೊತ್ತಳು. ಪೆಟ್ಟು ಬಿದ್ದ ಜಾಗದಿಂದ ಕೆಳಗಿನ ಹುರಿ ಸತ್ತಿಲ್ಲ, ಮಿದುಳನ್ನು ಕೇಳದೆ ತಾನೇ ಉತ್ತರ ಕೊಡುತ್ತಿದೆ, ಇದು ನಡೆಯುವ ಲಕ್ಷಣವಲ್ಲ ಎಂದು ಅವಳಿಗೆ ಹೇಳಬೇಕಾಯಿತು. ಮೇಡಂ ಅವ್ವನ ಕೈ ಹಿಡಿದುಕೊಂಡೇ ಹೇಳಿದರು. ಆ ಒಂದು ಗಳಿಗೆಗೆ ನಾನು ಅವರಿಗೆ ಋಣಿ. ಸುಳ್ಳು ಆಸೆ ಹುಟ್ಟಿಸಿದವರೂ ಇದ್ದರು, ಅವರ ಮಾತು ಇಲ್ಲಿ ಬೇಡ.

ಮನೆಗೆ ಬಂದ ಮೇಲೆ ಒಂದು ದಿನ ಅಡಿಕೆ ಆರಿಸುತ್ತಾ ಅಲ್ಲಾಡದೆ ಕೂತುಬಿಟ್ಟೆ. ಲುಂಗಿಯ ಮಡಿಕೆ ಒತ್ತಿದ್ದು ತಿಳಿಯಲೇ ಇಲ್ಲ. ನೋವಿದ್ದವನು ಅರಿವಿಲ್ಲದೆಯೇ ಆಚೀಚೆ ಸರಿಯುತ್ತಾನೆ, ನನಗೆ ಆ ಸುದ್ದಿ ಬರುವ ದಾರಿಯೇ ಇಲ್ಲವಲ್ಲ! ಸಂಜೆ ಕೆಂಪಗಿದ್ದದ್ದು ಮೂಳೆ ಕಾಣುವಷ್ಟು ಆಳಕ್ಕೆ ಇಳಿಯಿತು. ತಿಂಗಳುಗಟ್ಟಲೆ ಬೋರಲು ಮಲಗಿದೆ.

ಆಗ ಮೇಡಂ ಫೋನಿನಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರ ಕತೆ ಹೇಳಿದರು. 1954ರ ಅಪಘಾತದಲ್ಲಿ ಅವರ ಕಾಲುಗಳ ಸ್ವಾಧೀನ ಹೋಯಿತು. ಆಮೇಲೂ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಶುರುವಾಗಲು ಕಾರಣರಾದರು. ಅವರು ರಿಪೇರಿ ಮಾಡಿದ್ದೂ ನೋವು ತಿಳಿಯದ ಕೈಗಳನ್ನೇ. ಬೋರಲು ಬಿದ್ದುಕೊಂಡೇ ಬಹಳ ಹೊತ್ತು ಅದನ್ನೇ ಯೋಚಿಸಿದೆ.

ಅಂದಿನಿಂದ ನನ್ನ ಹುರಿ ತರಲಾರದ ಸುದ್ದಿಯನ್ನು ಮನೆಯವರು ತಂದುಕೊಡುತ್ತಿದ್ದಾರೆ. ಹೆಂಡತಿ ಸರೋಜಾ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ನನ್ನ ಮಗ್ಗುಲು ಬದಲಿಸಿದ್ದಾಳೆ. ಬೆಳಿಗ್ಗೆ ತೋಟಕ್ಕೆ ಹೋಗುವವಳು ಅವಳೇ. ಮಗಳು ಕನ್ನಡಿ, ಟಾರ್ಚು ಹಿಡಿದು ಹಿಮ್ಮಡಿಯಿಂದ ಬೆನ್ನಿನವರೆಗೆ ದಿನಾ ನೋಡುತ್ತಾಳೆ. "ಅಪ್ಪ, ಇಲ್ಲಿ ಸ್ವಲ್ಪ ಕೆಂಪು" ಅಂದರೆ ಆವತ್ತು ಆ ಮಗ್ಗುಲಿಗೆ ಭಾರ ಹಾಕುವುದಿಲ್ಲ. ಊರಿನ ಆರೋಗ್ಯ ನೋಡಿಕೊಳ್ಳುವ ಆಶಾ ಕಾರ್ಯಕರ್ತೆ ಅಕ್ಕ ಮಳೆಯಲ್ಲಿ ಹೊಳೆ ದಾಟಿ ಬಂದು ಡ್ರೆಸಿಂಗ್ ಮಾಡಿಸಿದ್ದಾರೆ, ಮೂತ್ರದ ನಳಿಗೆಯನ್ನು ನಾನೇ ಚೊಕ್ಕಟವಾಗಿ ಹಾಕಿಕೊಳ್ಳಲು ಧೈರ್ಯ ಕೊಟ್ಟಿದ್ದಾರೆ. ಈ ಮೂವರಿಗೆ ಏನು ಹೇಳಲಿ? ನನ್ನ ಮೈಯ ಅರ್ಧ ಇವರ ಕಣ್ಣಿನಲ್ಲಿದೆ.

ಈಗ ಜಗಲಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದೇನೆ. ಹದಿನೈದು ನಿಮಿಷಕ್ಕೊಮ್ಮೆ ಮೊಬೈಲು ಗಂಟೆ ಹೊಡೆಯುತ್ತದೆ, ಎರಡೂ ಕೈ ಊರಿ ಕುರ್ಚಿಯಿಂದ ಮೈ ಎತ್ತಬೇಕು. ಗಿರಾಕಿ ಇದ್ದರೆ ಮರೆತುಬಿಡುತ್ತೇನೆ. ನಿನ್ನೆ ಪೆಪ್ಪರಮಿಂಟಿಗೆ ಬಂದ ಪಕ್ಕದ ಮನೆಯ ಪುಟ್ಟ ದುಡ್ಡು ಕೊಡದೆ ನಿಂತಿದ್ದ. "ಯಾಕೋ?" ಅಂದೆ.

"ಗಂಟೆ ಹೊಡೀತು ಮಾವ. ನೀ ಮೊದ್ಲು ಏಳು."

ಎದ್ದೆ ಪುಟ್ಟ. ನಿನಗೂ ನಮಸ್ಕಾರ.