ಜೆಪ್ಪು, ಬೋಳಾರದ ಜನಕ್ಕೆ ಹೊಳೆಗೆ ದಾರಿ ಉಳಿಸಿಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಂಗಳೂರು ನಗರ ದಕ್ಷಿಣ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ.

ಮೋರ್ಗನ್ಸ್ ಗೇಟ್‌ನಿಂದ ಬೋಳಾರ, ಹೊಯಿಗೆ ಬಜಾರ್ ತನಕ ನೇತ್ರಾವತಿಯ ದಡ ನಮ್ಮ ಕಣ್ಣೆದುರೇ ಬದಲಾಗುತ್ತಿದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಕಡೆಯಲ್ಲೆಲ್ಲ ಈಗ ಮನೆಗಳು, ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ. ಇದು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಊರು ಬೆಳೆಯುತ್ತದೆ, ಜನಕ್ಕೆ ಮನೆ ಬೇಕು. ಪಾಳು ಬಿದ್ದ ಭಟ್ಟಿಗಿಂತ ಮಕ್ಕಳು ಆಡುವ ಅಂಗಳ ಒಳ್ಳೆಯದೇ. ನನ್ನ ಬೇಡಿಕೆ ಒಂದೇ. ಕಾರ್ಖಾನೆ ಜಾಗ ವಸತಿಗೆ ಬದಲಾಗುವಾಗ ಹೊಳೆಗೆ ಇಳಿಯುವ ದಾರಿ ಎಲ್ಲರಿಗೂ ಉಳಿಯಬೇಕು. ಅದು ಬಾಯಿಮಾತಿನಲ್ಲಿ ಇದ್ದರೆ ಸಾಲದು, ನಕ್ಷೆಯಲ್ಲಿ ಬರಬೇಕು.

ಈ ದಡದ ಇತಿಹಾಸ ನಿಮಗೆ ಗೊತ್ತೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್‌ಲೆಂಡ್‌ನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದರ ಹಿಂದೆ ಇದ್ದವರು ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್. ಜಾಗ ಆರಿಸಿದ್ದು ಹೊಳೆಯನ್ನು ನೋಡಿಯೇ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯ ಜೇಡಿಮಣ್ಣು ಹಂಚಿಗೆ ಹೇಳಿ ಮಾಡಿಸಿದಂತಿತ್ತು. ಮಣ್ಣು ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. ಮೊದಲನೇ ಮಹಾಯುದ್ಧದ ನಂತರ ಮಿಷನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಬಂದವು. ಊರಿನವರೇ ಹಾಕಿದ ಕಾರ್ಖಾನೆಗಳೂ ಸಾಲಾಗಿ ಬೆಳೆದವು. ಮಂಗಳೂರು ಹಂಚು ಅಂದರೆ ದೇಶದಾಚೆಗೂ ಜನಕ್ಕೆ ಗೊತ್ತಾಗುವ ಹಾಗಾಯಿತು.

ಆಮೇಲಿನದ್ದು ಬೇಗ ಹೇಳಬಹುದು. ಕಾಂಕ್ರೀಟ್ ತಾರಸಿ ಬಂತು. ಜೇಡಿಮಣ್ಣು ಸಿಗುವುದು ಕಷ್ಟವಾಯಿತು. ಸೌದೆ ದುಬಾರಿಯಾಯಿತು. ಜಾಗದ ಬೆಲೆ ಹಂಚಿನ ಲಾಭವನ್ನು ಎಲ್ಲೋ ಹಿಂದೆ ಹಾಕಿತು.

ಆದರೆ ಆ ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ನೆನಪಿಸಬೇಕು. ಕಲಸಿ ಹದ ಮಾಡಿದ ಮಣ್ಣಿನ ಹಾಳೆ ಒತ್ತುಯಂತ್ರದ ಅಚ್ಚಿಗೆ ಬೀಳುತ್ತಿತ್ತು. ಹೊರಗೆ ಬಂದ ಹಸಿ ಹಂಚಿನ ಅಂಚನ್ನು ಕೈಯಿಂದ ಸವರಿ, ಮರದ ಅಟ್ಟಳಿಗೆಯಲ್ಲಿ ಸಾಲಾಗಿ ಒಣಗಲು ಇಡುತ್ತಿದ್ದರು. ನೇರ ಬಿಸಿಲು ತಾಗಿದರೆ ಬಿರುಕು ಬಿಡುತ್ತದೆ. ಅದಕ್ಕೇ ಆ ಉದ್ದುದ್ದ ಶೆಡ್‌ಗಳು, ಗಾಳಿಯಾಡುವ ಜಾಲರಿ ಗೋಡೆಗಳು. ಒಣಗಿದ ಹಂಚನ್ನು ತಲೆ ಮೇಲೆ ಹೊತ್ತು ಭಟ್ಟಿಗೆ ಸಾಗಿಸಿದವರಲ್ಲಿ ಹೆಂಗಸರೇ ಜಾಸ್ತಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯೋ ಅತ್ತೆಯೋ ಹಂಚಿನ ಕೆಲಸಕ್ಕೆ ಹೋದವರೇ. ಈ ಓಣಿಗಳಲ್ಲಿ ಜನ ಬಂದು ನೆಲೆಸಿದ್ದೇ ಆ ಕೆಲಸಕ್ಕಾಗಿ. ಹೊಳೆ ಅವರ ದಿನದ ಭಾಗವಾಗಿತ್ತು.

ಈಗ ಅದೇ ಓಣಿಯ ಕೊನೆಯಲ್ಲಿ ಎತ್ತರದ ಕಾಂಪೌಂಡ್ ಬರುತ್ತದೆ, ಗೇಟ್ ಬರುತ್ತದೆ. ಮೇಲಿನ ಮಹಡಿಯವರಿಗೆ ಹೊಳೆ ಕಾಣುತ್ತದೆ. ಅದರ ಹೆಸರಿನಲ್ಲೇ ಫ್ಲಾಟ್ ಮಾರಾಟವಾಗುತ್ತದೆ. ತಲೆಮಾರುಗಳಿಂದ ಹಿಂದಿನ ಓಣಿಯಲ್ಲಿ ಇರುವವರಿಗೆ ಮಾತ್ರ ಹೊಳೆ ಇಲ್ಲವಾಗುತ್ತದೆ. ಇದು ಸರಿಯಲ್ಲ ಅಲ್ವಾ?

ಇದು ಬರೀ ಗಾಳಿ ಸೇವನೆಯ ವಿಚಾರ ಅಂತ ಯಾರೂ ತಿಳಿಯಬಾರದು. ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರು ಇದ್ದಾರೆ. ಸಣ್ಣ ದೋಣಿಯಲ್ಲಿ ಬಲೆ ಹಾಕುವವರು ಇದ್ದಾರೆ. ಒದ್ದೆ ಚೀಲವನ್ನು ದಡಕ್ಕೆ ಎಳೆದು ರಸ್ತೆಗೆ ತರಲು ಅವರಿಗೆ ಜಾಗ ಬೇಕು. ದೋಣಿ ಕಟ್ಟಲು, ಬಲೆ ಒಣಗಿಸಲು ಜಾಗ ಬೇಕು. ಇಷ್ಟು ವರ್ಷ ಹೇಗೋ ನಡೆಯಿತು. ಕಾರ್ಖಾನೆಯವರು ನೋಡಿಯೂ ನೋಡದಂತೆ ಬಿಟ್ಟರು. ಗೇಟ್ ಹಾಕಿದ ವಸತಿ ಸಮುಚ್ಚಯದ ಕಾವಲುಗಾರ ಹಾಗೆ ಬಿಡಲಾರ. ಬಿಟ್ಟರೆ ಅವನ ಕೆಲಸ ಹೋಗುತ್ತದೆ.

ಕಾನೂನು ಇದೆಯಲ್ಲ ಅಂತ ಅಧಿಕಾರಿಗಳು ಹೇಳಬಹುದು. ಇದೆ. 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಉಬ್ಬರ ಇಳಿತ ಇರುವ ಹೊಳೆಯ ಬದಿಯಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣದಲ್ಲಿತ್ತು. 2019ರ ಅಧಿಸೂಚನೆ ಆ 100 ಮೀಟರನ್ನು 50ಕ್ಕೆ ಇಳಿಸಿತು. ದಡದಿಂದ ಎಷ್ಟು ದೂರ ಕಟ್ಟಬೇಕು ಅನ್ನುವುದಕ್ಕೆ ಇದರಲ್ಲಿ ಉತ್ತರ ಇದೆ. ಆದರೆ ರಸ್ತೆಯಲ್ಲಿ ನಿಂತ ಮನುಷ್ಯ ಆ ದಡವನ್ನು ಹೇಗೆ ಮುಟ್ಟಬೇಕು? ಮುಂದೆ ಗೇಟ್ ಇದ್ದರೆ, ಹಿಂದೆ ಖಾಲಿ ಬಿಟ್ಟ 50 ಮೀಟರ್ ಒಳಗಿನವರ ಹುಲ್ಲುಹಾಸು ಆಗುತ್ತದೆ, ಅಷ್ಟೇ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಹೊತ್ತಿನಲ್ಲಿ ರಸ್ತೆ, ಉದ್ಯಾನಕ್ಕೆ ಜಾಗ ಬಿಡಿಸಿಕೊಳ್ಳುವ ಅಧಿಕಾರ ಯೋಜನಾ ಪ್ರಾಧಿಕಾರಕ್ಕೆ ಇರುತ್ತದೆ. ಆ ಹೊತ್ತು ಕಳೆದರೆ ಮತ್ತೆ ಆ ಜಾಗ ಸಿಗುವುದಿಲ್ಲ.

ನನ್ನ ಸಲಹೆ ಹೀಗಿದೆ. ತೋಡುಗಳನ್ನು, ಅಂದರೆ ಮಳೆನೀರು ಹರಿಯುವ ಕಾಲುವೆಗಳನ್ನು, ಹಿಡಿದು ಹೊರಡೋಣ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆ ನೀರು ಗುಡ್ಡದ ಕಡೆಯಿಂದ ತೋಡುಗಳಲ್ಲಿ ಇಳಿದು ಹೊಳೆ ಸೇರಬೇಕು. ಉಬ್ಬರದ ಹೊತ್ತಿಗೇ ಜೋರು ಮಳೆ ಬಂದರೆ ತೋಡಿನ ಬಾಯಿಯಲ್ಲಿ ನೀರು ಕೆಳಗೆ ಹೋಗದೆ ನಿಲ್ಲುತ್ತದೆ, ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಹಿಂದೆ ಕಾರ್ಖಾನೆಗಳ ವಿಶಾಲ ಅಂಗಳಗಳು ಒಂದಿಷ್ಟು ನೀರನ್ನು ಹೀರಿಕೊಳ್ಳುತ್ತಿದ್ದವು. ಈಗ ಅಲ್ಲಿ ಇಂಟರ್‌ಲಾಕ್, ಕಾಂಕ್ರೀಟ್, ನೆಲದಡಿಯ ಪಾರ್ಕಿಂಗ್. ಹಾಗಾಗಿ ತೋಡುಗಳನ್ನು ಅಗಲವಾಗಿ, ತೆರೆದು ಇಡುವುದು ಮೊದಲಿಗಿಂತ ಜಾಸ್ತಿ ಮುಖ್ಯ. ಹೂಳು ತೆಗೆಯುವ ಯಂತ್ರ ಹೋಗಲು ತೋಡಿನ ಬದಿಯಲ್ಲಿ ದಾರಿ ಬೇಕೇ ಬೇಕು. ಆ ದಾರಿಯನ್ನೇ ಜನರ ದಾರಿ ಮಾಡಿ. ಒಂದು ಆಟೋ ಹೋಗುವಷ್ಟು ಅಗಲ ಇದ್ದರೆ ಸಾಕು. ಹೂಳೂ ತೆಗೆಯಬಹುದು, ಮರುವಾಯಿ ಚೀಲವೂ ಬರಬಹುದು, ಸಂಜೆ ಹಿರಿಯರೂ ನಡೆಯಬಹುದು. ಹೊಸ ಮನೆಗಳವರಿಗೂ ಇದರಿಂದ ಲಾಭವೇ. ಅವರ ನೆಲದಡಿಯ ಪಾರ್ಕಿಂಗ್‌ಗೆ ನೀರು ನುಗ್ಗಿದರೆ ಕಷ್ಟ ಪಡುವವರು ಅವರೇ ತಾನೆ?

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿ ದಡಕ್ಕೆ ನಡಿಗೆ ಪಥ ಕೈಗೆತ್ತಿಕೊಂಡರು. ಅದರ ಮೇಲಿನ ತಕರಾರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ನನಗೆ ನಡಿಗೆ ಪಥ ಬೇಕು, ಆದರೆ ಕಾಂಡ್ಲ (ಮ್ಯಾಂಗ್ರೋವ್) ಗಿಡ ಕಡಿದು, ದಡಕ್ಕೆ ಮಣ್ಣು ತುಂಬಿಸಿ ಬೇಡ. ಕಾಂಡ್ಲದ ಬೇರಿನ ಸಂದಿಯಲ್ಲೇ ಮೀನಿನ ಮರಿ, ಸಿಗಡಿ ಬೆಳೆಯುವುದು. ಇನ್ನೊಂದು ಮಾತು. ದಡದುದ್ದಕ್ಕೂ ಎಷ್ಟೇ ಚಂದದ ಪಥ ಮಾಡಿದರೂ ಓಣಿಗಳಿಂದ ಅಲ್ಲಿಗೆ ದಾರಿ ಇಲ್ಲದಿದ್ದರೆ ಅದು ಕಾರಿನಲ್ಲಿ ಬಂದು ಹೋಗುವವರ ಪಾಲಾಗುತ್ತದೆ.

ಬೇರೆ ಊರುಗಳೂ ಇದನ್ನು ಎದುರಿಸಿವೆ. ಸಿಡ್ನಿಯ ಪ್ಯಾರಮಾಟಾ ನದಿಯ ಬದಿಯಲ್ಲಿ ರೋಡ್ಸ್ ಅಂತ ಒಂದು ಬಡಾವಣೆ ಇದೆ. ಹಿಂದೆ ಅಲ್ಲಿ ಯೂನಿಯನ್ ಕಾರ್ಬೈಡ್‌ನ ರಾಸಾಯನಿಕ ಕಾರ್ಖಾನೆ ಇತ್ತು. ಮಣ್ಣಿನಲ್ಲಿ, ನದಿಯ ಕೆಸರಿನಲ್ಲಿ ಡಯಾಕ್ಸಿನ್ ಎಂಬ ವಿಷ ಸೇರಿತ್ತು. ಮಣ್ಣು ಅಗೆದು, ಸುಡುವ ಬಿಸಿಯಲ್ಲಿ ಶುದ್ಧ ಮಾಡಿ, ಆಮೇಲೆ ಮನೆ ಕಟ್ಟಿದರು. ನದಿ ಬದಿಯ ನಡಿಗೆ ದಾರಿಯನ್ನು ಎಲ್ಲರಿಗೂ ತೆರೆದಿಟ್ಟರು. ಇಷ್ಟಾದರೂ ಹಾರ್ಬರ್ ಬ್ರಿಡ್ಜ್‌ನ ಪಶ್ಚಿಮಕ್ಕೆ ಹಿಡಿದ ಮೀನು ತಿನ್ನಬೇಡಿ ಅಂತ ಅಲ್ಲಿನ ಸರ್ಕಾರ ಇವತ್ತಿಗೂ ಹೇಳುತ್ತದೆ. ನಮ್ಮ ಹಂಚಿನ ಕಾರ್ಖಾನೆಗಳು ಅಂಥ ವಿಷ ಬಿಟ್ಟು ಹೋದವಲ್ಲ. ನಮ್ಮ ಹೊಳೆಯಲ್ಲಿ ಇನ್ನೂ ಮರುವಾಯಿ ಹೆಕ್ಕಿ ತಿನ್ನುತ್ತೇವೆ. ಅಷ್ಟು ದೊಡ್ಡ ಭಾಗ್ಯ ಕೈಯಲ್ಲಿರುವಾಗ ಹೊಸ ಮನೆಗಳ ಕೊಳಚೆ ನೀರು ತೋಡಿಗೆ ಸೇರದಂತೆ ನೋಡಿಕೊಳ್ಳುವುದು ಅತಿ ದೊಡ್ಡ ಕೆಲಸವೇನಲ್ಲ.

ಉಳಿದಿರುವ ಹಳೆ ಚಿಮಣಿಗಳ ಬಗ್ಗೆಯೂ ಒಂದು ಮಾತು. ಗಟ್ಟಿಯಾಗಿರುವ ಒಂದನ್ನಾದರೂ ಕೆಡವದೆ ಬಿಡಿಸಿ. ಅದರ ಬುಡದಲ್ಲಿ ಅಲ್ಲಿ ದುಡಿದವರ ಹೆಸರುಗಳನ್ನು ಬರೆಸಿ. ಆ ಹೆಸರು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಈಗಲೇ ಕೇಳಬೇಕು.

ನಿಮ್ಮಿಂದ ಆಗಬೇಕಾದದ್ದು ಇಷ್ಟು. ಮುಂದಿನ ಮಳೆಗಾಲದೊಳಗೆ ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಮೀನುಗಾರಿಕೆ ಇಲಾಖೆ ಮೂವರನ್ನೂ ಜೆಪ್ಪುವಿನಲ್ಲೇ ಒಂದು ಸಭೆಗೆ ಕರೆಯಿರಿ. ಹೊಳೆಗೆ ಇಳಿಯುವ ಹಳೆ ದಾರಿಗಳು, ಕಡವುಗಳು (ದೋಣಿ ಹತ್ತಿ ಇಳಿಯುವ ಜಾಗಗಳು), ತೋಡುಗಳು ಎಲ್ಲವನ್ನೂ ಜನರ ಜೊತೆ ನಡೆದು ಗುರುತಿಸಿ ನಕ್ಷೆ ಮಾಡಿಸಿ. ಆ ನಕ್ಷೆ ಕೈಗೆ ಬರುವ ತನಕ ದಡದ ಯಾವ ದೊಡ್ಡ ಜಾಗದ ನಕ್ಷೆಗೂ ಒಪ್ಪಿಗೆ ಕೊಡಬೇಡಿ ಅಂತ ಸಂಬಂಧಪಟ್ಟವರಿಗೆ ಬರೆಯಿರಿ. ದಾರಿ ತೋರಿಸಲು ನಾವು ಓಣಿಯವರು ಬರುತ್ತೇವೆ. ದಿನ ನೀವೇ ಹೇಳಿ. ಇಳಿತದ ಹೊತ್ತು ನೋಡಿ ಇಟ್ಟರೆ ಮರುವಾಯಿಯವರೂ ಸಿಗುತ್ತಾರೆ.

ಇಂತಿ,
ಜೆಪ್ಪುವಿನ ಒಬ್ಬ ನಿವಾಸಿ