ಜಾಗ ಇವತ್ತೇ ಬೇಕು, ದುಡ್ಡು ಮಾತ್ರ ಕಂತಿನಲ್ಲಾ?

ಮಾನ್ಯರೇ,

ನಮ್ಮ ರಸ್ತೆ ಅಗಲ ಮಾಡಲು ಜಾಗ ಕೊಟ್ಟವರಿಗೆ ಪರಿಹಾರದ ಎರಡನೇ ಕಂತು ತಡವಾಗುತ್ತದೆ ಎಂಬ ನಿಮ್ಮ ವರದಿ ಓದಿದೆ. ಹಾಗೆ ಜಾಗ ಕೊಟ್ಟವರಲ್ಲಿ ನಾನೂ ಒಬ್ಬ. ಕಾಂಪೌಂಡು ಒಡೆಯುವಾಗ ಈ ಅಧಿಕಾರಿಗಳಿಗೆ ಒಂದು ದಿನವೂ ತಡ ಆಗಲಿಲ್ಲ, ಅದನ್ನೂ ಬರೆಯಬೇಕಿತ್ತು.

ನಿನ್ನೆ ಕಚೇರಿಗೆ ಹೋಗಿ ಕೇಳಿದರೆ 'ಅನುದಾನ ಬಂದಿಲ್ಲ, ಮುಂದಿನ ಬಜೆಟ್‌ನಲ್ಲಿ ನೋಡೋಣ' ಎಂದರು. ಸಹಿ ಹಾಕಿಸಿಕೊಳ್ಳುವಾಗ ಬಜೆಟ್ ಸುದ್ದಿಯೇ ಇರಲಿಲ್ಲ. ಈಗ ಮನೆಗೆ ಗೇಟಿಲ್ಲ, ನೀರಿನ ಮೀಟರ್ ಚರಂಡಿ ಅಂಚಿಗೆ ಬಂದಿದೆ, ಮಳೆ ಬಂದರೆ ನೀರಿನ ಸಂಪಿನೊಳಗೆ ಕೆಸರು ಇಳಿಯುತ್ತದೆ, ವಯಸ್ಸಾದ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಹಲಗೆ ಮೇಲೆ ಕೈಹಿಡಿದು ದಾಟಿಸಬೇಕು. ಗೋಡೆ ಕಟ್ಟಲು ಸಾಲ ಮಾಡಿದ್ದೇನೆ. ಅದರ ಇಎಂಐ ತಪ್ಪಿದರೆ ಬ್ಯಾಂಕ್ ದಂಡ ಹಾಕುತ್ತದೆ. ಇವರು ಕಂತು ತಪ್ಪಿಸಿದರೆ ಏನೂ ಇಲ್ಲ. ಆಸ್ತಿ ತೆರಿಗೆ ಬೇರೆ ಇನ್ನೂ ಹಳೇ ಅಳತೆಗೇ ಬರುತ್ತಿದೆ!

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪೂರ್ತಿ ಪರಿಹಾರ ಕೊಟ್ಟ ಮೇಲೆಯೇ ಜಾಗ ವಶಕ್ಕೆ ತಗೊಳ್ಳಬೇಕು. ಕೊಡದೇ ತಗೊಂಡರೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ನಮಗೆ ಇದು ಯಾವುದೂ ಸಿಗಲಿಲ್ಲ. ಸ್ವಾಧೀನ ಅಂದರೆ ಕೋರ್ಟು ಕಚೇರಿ ಅಂತ ಅಲೆಯಬೇಕು, ಒಪ್ಪಂದ ಆದರೆ ಬೇಗ ಮುಗಿಯುತ್ತದೆ ಅಂತ ನಂಬಿಸಿ ಕಂತಿನ ಪತ್ರಕ್ಕೆ ಸಹಿ ಹಾಕಿಸಿದರು. ಅದರಲ್ಲಿ ಬಡ್ಡಿಯ ಮಾತೇ ಇಲ್ಲ. ನಾವು ನೀವು ಒಂದು ಸೈಟು ಮಾರಿದರೆ ಪೂರ್ತಿ ದುಡ್ಡು ಕೈಗೆ ಬರದೆ ಸಬ್ ರಿಜಿಸ್ಟ್ರಾರ್ ಮುಂದೆ ಸಹಿ ಹಾಕ್ತೀವಾ? ಕಂತಿನಲ್ಲೇ ಕೊಳ್ಳುವುದಾದರೆ ಅಷ್ಟೂ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿ ಇಡಬೇಕಿತ್ತು, ಕೊನೇ ಕಂತಿನ ದಿನ ನೋಂದಣಿ ಮಾಡಿಸಿಕೊಳ್ಳಬೇಕಿತ್ತು. ಅಷ್ಟು ದುಡ್ಡಿಲ್ಲದಿದ್ದರೆ ರಸ್ತೆ ಅಗಲ ಮಾಡುವ ಆತುರವಾದರೂ ಯಾಕೆ?

ಇದು ಇವತ್ತಿನ ಕಥೆಯಲ್ಲ. ಬೆಂಗಳೂರಿನ ಹೊರವಲಯದ ಪೆರಿಫೆರಲ್ ರಿಂಗ್ ರಸ್ತೆಗೆ ಜಮೀನು ಸ್ವಾಧೀನ ಮಾಡಲು 2007ರಲ್ಲೇ ಅಂತಿಮ ಅಧಿಸೂಚನೆ ಹೊರಟಿತು. ವರ್ಷಗಟ್ಟಲೆ ಆ ರೈತರಿಗೆ ಜಮೀನು ಮಾರಲೂ ಆಗಲಿಲ್ಲ, ಪರಿಹಾರವೂ ಬರಲಿಲ್ಲ. ಅಗಲೀಕರಣದಲ್ಲಿ ಜಾಗ ಕಳೆದುಕೊಂಡ ಎಷ್ಟೋ ಜನರಿಗೆ ದುಡ್ಡಿನ ಬದಲು ಟಿಡಿಆರ್ ಅಂತ ಒಂದು ಪ್ರಮಾಣಪತ್ರ ಕೊಟ್ಟರು, ಅಂದರೆ ಬೇರೆ ಕಡೆ ಹೆಚ್ಚುವರಿ ಕಟ್ಟಡ ಕಟ್ಟಿಕೊಳ್ಳುವ, ಇಲ್ಲವೇ ಇನ್ನೊಬ್ಬರಿಗೆ ಮಾರಬಹುದಾದ ಹಕ್ಕು. ಅದನ್ನು ಕೊಳ್ಳುವ ಬಿಲ್ಡರ್‌ನನ್ನೂ ಅವರೇ ಹುಡುಕಿಕೊಳ್ಳಬೇಕು.

ಬಾಕಿ ದುಡ್ಡನ್ನು ಬಡ್ಡಿ ಸಮೇತ ಒಂದೇ ಸಲ ಕೊಡಿ. ಇಲ್ಲವೇ ನಮ್ಮ ಜಾಗ ನಮಗೆ ವಾಪಸ್ ಕೊಟ್ಟು ಗೋಡೆ ಕಟ್ಟಿಸಿ. ಈ ಕಂತಿನ ಪದ್ಧತಿಯನ್ನೇ ಸರ್ಕಾರ ನಿಲ್ಲಿಸಬೇಕು, ಮೊದಲು ಆ ಚರಂಡಿ ಮೇಲೆ ಚಪ್ಪಡಿಯಾದರೂ ಹಾಕಿಸಬೇಕು. ಜನರ ಜಾಗ ಕಿತ್ತುಕೊಂಡು ಅದೇ ಜನರಿಗೆ ಆಮೇಲೆ ಬನ್ನಿ ಅನ್ನಲು ಇವರಿಗೆ ಸ್ವಲ್ಪವೂ ನಾಚಿಕೆಯಾಗಲ್ವಾ?

— ಜಾಗ ಕೊಟ್ಟು ನೊಂದ ನಿವಾಸಿ, ಬೆಂಗಳೂರು