ಒಂದು ದಿನದ ಬಾನುಲಿಯನ್ನು ಪೂರ್ತಿ ಉಳಿಸಿಡಿ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧ ಆರಂಭವಾಗಿ ಮೂರು ವಾರವೂ ತುಂಬದ 1939ರ ಸೆಪ್ಟೆಂಬರ್ 21ರಂದು, ವಾಷಿಂಗ್ಟನ್ನಿನ ಡಬ್ಲ್ಯುಜೆಎಸ್‌ವಿ ಬಾನುಲಿ ಕೇಂದ್ರವು ನಸುಕಿನಿಂದ ನಡುರಾತ್ರಿ ದಾಟುವವರೆಗಿನ ತನ್ನ ಇಡೀ ದಿನದ ಪ್ರಸಾರವನ್ನು ಧ್ವನಿಮುದ್ರಿಸಿತು. ಆರ್ಥರ್ ಗಾಡ್‌ಫ್ರೆ ಅವರ ಮುಂಜಾವಿನ ಹರಟೆ, ಗೃಹಿಣಿಯರಿಗೆಂದೇ ಹೆಣೆದ ಕಣ್ಣೀರಿನ ಧಾರಾವಾಹಿಗಳು (ಇಂದಿನ ಟಿ.ವಿ. ಧಾರಾವಾಹಿಗಳ ಅಜ್ಜಿಯರೇ ಸರಿ), ಯುದ್ಧನಿರತ ದೇಶಗಳಿಗೆ ಶಸ್ತ್ರಾಸ್ತ್ರ ಮಾರುವುದನ್ನು ತಡೆಯುತ್ತಿದ್ದ ತಟಸ್ಥ ನೀತಿಯ ಕಾಯ್ದೆಯನ್ನು ಸಡಿಲಿಸಬೇಕೆಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಂಸತ್ತಿನಲ್ಲಿ ಮಾಡಿದ ಭಾಷಣ, ಬೇಸ್‌ಬಾಲ್ ವೀಕ್ಷಕ ವಿವರಣೆ, ತಡರಾತ್ರಿಯ ನೃತ್ಯಸಂಗೀತ ಎಲ್ಲವೂ ಅದರಲ್ಲಿವೆ. ರುಮೇನಿಯಾದ ಪ್ರಧಾನಿ ಕಲಿನೆಸ್ಕು ಹತ್ಯೆಯಾದದ್ದೂ ಅದೇ ದಿನ. ನನ್ನನ್ನು ತಟ್ಟಿದ್ದು ರೂಸ್‌ವೆಲ್ಟರ ಭಾಷಣಕ್ಕಿಂತ, ಅದರ ಆಚೀಚೆ ಎಗ್ಗಿಲ್ಲದೆ ನಡೆದ ದಿನನಿತ್ಯದ ಮಾತು. ಯುದ್ಧ ಎಷ್ಟೇ ದೊಡ್ಡದಾದರೂ ಮನೆಮಂದಿಯ ದಿನಚರಿ ನಿಲ್ಲುವುದಿಲ್ಲವೆಂಬುದು ಯಾವ ಇತಿಹಾಸ ಗ್ರಂಥಕ್ಕಿಂತಲೂ ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

1966ರಲ್ಲಿ ಆರಂಭವಾದ ನಮ್ಮ ಕಲಬುರಗಿ ಆಕಾಶವಾಣಿಯು 1971ರ ಡಿಸೆಂಬರ್ ಯುದ್ಧದ ದಿನಗಳನ್ನೂ ಕಂಡಿದೆ. ಆಯ್ದ ಭಾಷಣ, ನಾಟಕಗಳನ್ನಷ್ಟೇ ಕಾಪಿಡುವ ಬದಲು, ವರ್ಷಕ್ಕೊಂದು ದಿನವಾದರೂ ತೊಗರಿ ಧಾರಣೆ, ತತ್ವಪದ, ವಾರ್ತೆ, ಪ್ರಕಟಣೆಗಳ ಸಮೇತ, ಉದ್ಘೋಷಕರ ಕೆಮ್ಮನ್ನೂ ಕತ್ತರಿಸದೆ, ಪೂರ್ಣ ಪ್ರಸಾರವನ್ನು ಧ್ವನಿಮುದ್ರಿಸಿ ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓರ್ವ ಹಳೆಯ ಕೇಳುಗ, ಕಲಬುರಗಿ